ಹತ್ತು ದಿನ ಕೇಳಿದ “ನಾಳೆ”

ಹಳೆಯ ಕಥೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಒಂದು ಗಿಣಿಯೊಳಗೆ ಇರುತ್ತದಲ್ಲ...

ಅನ್ನಪೂರ್ಣಾಳ ಪ್ರಾಣ ಒಂದು ನೀಲಿ ಪುಸ್ತಕದೊಳಗಿತ್ತು.

ಹಾವೇರಿಯ ಹೆಣ್ಣುಮಗಳು. ಐದು ವರ್ಷದಿಂದ ಥಾಯ್ಲೆಂಡಿನ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಆ ನೀಲಿ ಪುಸ್ತಕವೇ ಅವಳ ವರ್ಕ್ ಪರ್ಮಿಟ್.

ಅದರ ಮೇಲೆ ಅವಳ ವೀಸಾ ನಿಂತಿತ್ತು... ಅವಳ ವೀಸಾದ ಮೇಲೆ, ಅದೇ ಶಾಲೆಯಲ್ಲಿ ಓದುವ ಒಂಬತ್ತು ವರ್ಷದ ಮಗಳು ಸಿಂಚನಾಳ ವೀಸಾ.

ಒಂದು ಜಾರಿದರೆ ಮೂರೂ ಜಾರಿದಂತೆಯೇ.

ಈಗ ಅದೇ ಊರಿನ ಹೊಳೆಯಾಚೆ, ಇನ್ನೊಂದು ದೊಡ್ಡ ಶಾಲೆ ಅವಳನ್ನು ಕರೆದಿತ್ತು. ಅವರ ಷರತ್ತು ಒಂದೇ... ಹಳೆಯ ಶಾಲೆಯ ಬಿಡುಗಡೆ ಪತ್ರ ಶುಕ್ರವಾರದೊಳಗೆ ಬರಬೇಕು.

ಇತ್ತ ರಾಜೀನಾಮೆ ಕೊಟ್ಟಾಗಿತ್ತು. ಅತ್ತ ಕೆಲಸ ತಪ್ಪಿದರೆ, ನಡುವರ್ಷದಲ್ಲಿ ಮಗಳ ಓದು ನಿಲ್ಲಿಸಿ ಪೆಟ್ಟಿಗೆ ಕಟ್ಟಬೇಕು.

ಪತ್ರಕ್ಕೆ ಪ್ರಿನ್ಸಿಪಾಲರ ಸಹಿ ಮೊದಲ ದಿನವೇ ಬಿದ್ದಿತ್ತು. ಪತ್ರ, ನೀಲಿ ಪುಸ್ತಕ ಎರಡೂ ಆಫೀಸಿನ ಕ್ಲರ್ಕ್ ವಿಪಾಳ ಡ್ರಾಯರಿನಲ್ಲಿದ್ದವು. ಐವತ್ತು ದಾಟಿದ ಹೆಂಗಸು. ಅವಳ ಮುಖದಿಂದ ನಗು ಇಳಿದದ್ದನ್ನು ಯಾರೂ ನೋಡಿರಲಿಲ್ಲ.

“ನನ್ನ ಪತ್ರ?”

“ನಾಳೆ, ಟೀಚರ್.”

ಮರುದಿನವೂ ಅದೇ ನಗು... ಅದೇ “ನಾಳೆ, ಟೀಚರ್.”

ಹೀಗೆ ಎಂಟು ದಿನ. ಅನ್ನಪೂರ್ಣಾ ಎಂದಿನಂತೆ ಪಾಠ ಮಾಡುತ್ತಿದ್ದಳು, ಆದರೆ ಮನಸ್ಸೆಲ್ಲ ಆ ಡ್ರಾಯರಿನ ಮೇಲೆ.

ಬುಧವಾರ ರಾತ್ರಿ ಊರಿಗೆ, ಅಕ್ಕನಿಗೆ ಫೋನ್ ಮಾಡಿದಳು.

“ಆಕಿ ಕೊಡವಲ್ಲಳು ಅಕ್ಕಾ. ನಕ್ಕೋತ ನಾಳೆ ಅಂತಾಳ. ಹೊಟ್ಟಿಕಿಚ್ಚು, ಮತ್ತೇನು?”

“ನೀ ಸುಮ್ನಿರು ಅನ್ನೂ. ನೀ ಬಾಯಿ ತೆಗದಿ ಅಂದ್ರ ಆಗೋ ಕೆಲಸಾನೂ ಕೆಡತೈತಿ. ಲಗ್ನದಾಗ ಬೀಗರ ಕೂಡ ಜಗಳಾ ಮಾಡಿದ್ದು ಮರತೀ ಏನು?”

“ಅದನ್ನ ಇನ್ನ ಎಷ್ಟು ವರ್ಷ ಹೇಳ್ತೀ...”

ಅಕ್ಕನ ಮಾತು ತಲೆಯಲ್ಲಿತ್ತು. ಆದರೂ ಗುರುವಾರ ಕಟ್ಟೆ ಒಡೆಯಿತು.

ಆ ಊರಿನಲ್ಲಿ ಆಫೀಸಿನೊಳಗೆ ಯಾರೂ ದನಿ ಏರಿಸುವುದಿಲ್ಲ. ಏರಿಸಿದರೆ ಇಬ್ಬರಿಗೂ ಅವಮಾನ.

ಅನ್ನಪೂರ್ಣಾ ಏರಿಸಿದಳು. ಎಲ್ಲರ ಎದುರಿಗೆ.

“ನನ್ನ ಮಗಳ ಬದುಕನ್ನು ಡ್ರಾಯರಿನಲ್ಲಿಟ್ಟುಕೊಂಡು ನಗ್ತಾ ಕೂತಿದ್ದೀರಲ್ಲ... ನೀವು ಮನುಷ್ಯರಾ?”

ಎಲ್ಲರೂ ತಲೆ ತಗ್ಗಿಸಿದರು.

ವಿಪಾಳ ನಗು ಇಳಿಯಲಿಲ್ಲ. ಸ್ಟೇಪ್ಲರ್ ಮಾತ್ರ ಒಂದೇ ಹಾಳೆಗೆ ಎರಡು ಸಲ ಬಿತ್ತು.

“ನಾಳೆ, ಟೀಚರ್.”

ಶುಕ್ರವಾರ ಮೂರೂವರೆ... ಐದನೇ ತರಗತಿಯ ಬಾಗಿಲಲ್ಲಿ ವಿಪಾ ನಿಂತಿದ್ದಳು. ಏದುಸಿರು, ಕೈಯಲ್ಲಿ ಹೆಲ್ಮೆಟ್, ಬಗಲಲ್ಲಿ ದಪ್ಪ ಫೈಲು.

“ಪಾಸ್‌ಪೋರ್ಟ್, ಟೀಚರ್. ನಿಮ್ಮದು, ಮಗಳದು. ಈಗಲೇ. ವೀಸಾ ಆಫೀಸು ನಾಲ್ಕೂವರೆಗೆ ಮುಚ್ಚುತ್ತೆ.”

ಪಾಸ್‌ಪೋರ್ಟ್‌ಗಳು ಅವಳ ಬ್ಯಾಗಿನಲ್ಲೇ ಇದ್ದವು. ಸ್ಕೂಟರಿನ ಮೇಲೆ ಮೂವರು... ನಡುವೆ ಸಿಂಚನಾ.

ಕೌಂಟರ್ ಮುಟ್ಟಿದಾಗ ನಾಲ್ಕೂಕಾಲು ಗಂಟೆ. ವಿಪಾ ಬಿಡುಗಡೆ ಪತ್ರವನ್ನು ಅಧಿಕಾರಿಯ ಮುಂದಿಟ್ಟಳು. ಅನ್ನಪೂರ್ಣಾ ಬಗ್ಗಿ ಓದಿದಳು... ಕೆಲಸದ ಕೊನೆಯ ದಿನ: ಇಂದು.

ಅಧಿಕಾರಿ ಅವಳ ಪಾಸ್‌ಪೋರ್ಟ್ ತೆರೆದು ಧಡ್ ಎಂದು ಸೀಲು ಒತ್ತಿದ.

ವೀಸಾ ರದ್ದು.

ಮತ್ತೊಂದು ಧಡ್... ಮಗಳದೂ ರದ್ದು.

ಅನ್ನಪೂರ್ಣಾ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಂತೂ ನಮ್ಮನ್ನು ಓಡಿಸಿದಳು ಈಕೆ...

ಆಗ ವಿಪಾ ಫೈಲಿನಿಂದ ಇನ್ನೊಂದು ಕಟ್ಟು ತೆಗೆದಳು. ಹೊಸ ಶಾಲೆಯ ಕಾಗದಗಳು. ಸರ್ಕಾರದ ಸೀಲಿನ ಮಸಿ ಇನ್ನೂ ಹಸಿಯಾಗಿದ್ದಂತಿತ್ತು.

ಅಧಿಕಾರಿ ಒಂದೊಂದೇ ಹಾಳೆ ತಿರುವಿದ. ಗಡಿಯಾರ ನೋಡಿದ. ಮತ್ತೆ ತಿರುವಿದ...

ಧಡ್. ಧಡ್.

ಹೊಸ ವೀಸಾ. ತಾಯಿಗೂ, ಮಗಳಿಗೂ.

“ಅದೃಷ್ಟ ಇದೆ ನಿಮಗೆ,” ಎಂದ ಅಧಿಕಾರಿ. “ಕೆಲಸ ಬಿಟ್ಟ ದಿನವೇ ಇಲ್ಲಿ ವೀಸಾನೂ ಮುಗಿಯುತ್ತೆ. ಈ ಪತ್ರ ಹತ್ತು ದಿನದ ಹಿಂದೆ ಬಂದಿದ್ದರೆ ನೀವು ಇಷ್ಟೊತ್ತಿಗೆ ವಿಮಾನ ಹತ್ತಬೇಕಿತ್ತು. ಹೊಸ ಶಾಲೆಯವರ ಕಾಗದ ತಯಾರಾಗಿದ್ದೇ ಇವತ್ತು ಮಧ್ಯಾಹ್ನ.”

ಅನ್ನಪೂರ್ಣಾ ಮೆಲ್ಲನೆ ವಿಪಾಳ ಕಡೆ ತಿರುಗಿದಳು.

ಹತ್ತು ದಿನ ಅವಳು ಬೇಡಿದ್ದು ತನ್ನ ಕೊರಳಿಗೇ ಕತ್ತಿಯನ್ನು...

“ನೀವು ಬಿಟ್ಟು ಹೋಗ್ತೀರಿ ಅಂತ ಪ್ರಿನ್ಸಿಪಾಲರಿಗೆ ಕೋಪ ಬಂದಿತ್ತು, ಟೀಚರ್. ಅವತ್ತೇ ಕೊನೆಯ ದಿನ ಅಂತ ತಾರೀಕು ಹಾಕಿ ಕಳಿಸು ಅಂದರು. ನಾನು ಹಾಕಲಿಲ್ಲ. ದಿನಾ ಹೊಸ ಶಾಲೆಗೆ ಫೋನ್ ಮಾಡಿ ಕಾಗದ ಆಯಿತಾ ಅಂತ ಕೇಳ್ತಿದ್ದೆ. ಪ್ರಿನ್ಸಿಪಾಲರು ಕೇಳಿದಾಗ ಅವರಿಗೂ ನಾಳೆ ಅಂದೆ.”

“ನನಗೊಂದು ಮಾತು ಹೇಳಬಹುದಿತ್ತಲ್ಲ?”

ವಿಪಾ ನಕ್ಕಳು.

“ಹೇಳಿದ್ದರೆ ನೀವು ಅವರ ರೂಮಿಗೆ ಹೋಗಿ ಜಗಳ ಆಡ್ತಿದ್ರಿ, ಟೀಚರ್.”

ಅನ್ನಪೂರ್ಣಾಗೆ ಅಕ್ಕ ನೆನಪಾದಳು. ನಗು ಬರಬೇಕಿತ್ತು... ಬರಲಿಲ್ಲ.

ಅಷ್ಟರಲ್ಲಿ ಸಿಂಚನಾ ಅವಳ ಸೆರಗು ಜಗ್ಗಿದಳು. ಶಾಲೆ ಬಿಟ್ಟ ಮೇಲೆ ಅವಳು ಹೋಂವರ್ಕ್ ಮಾಡುತ್ತಿದ್ದುದು ವಿಪಾಳ ಮೇಜಿನ ಪಕ್ಕದಲ್ಲೇ.

“ಅಮ್ಮಾ, ನಿನ್ನೆ ಆಂಟಿ ಊಟಾನೇ ಮಾಡಿರಲಿಲ್ಲ. ಹಸಿವಿಲ್ಲ ಅಂತ ಡಬ್ಬಿ ನನಗೆ ಕೊಟ್ರು.”

ನಿನ್ನೆ... ಗುರುವಾರ.

ಅನ್ನಪೂರ್ಣಾಳ ಕಣ್ಣು ತುಂಬಿ ಬಂತು. ಕೈ ಜೋಡಿಸಿದಳು. ಕೈ ಜೋಡಿಸುವ ರೀತಿ ಆ ಊರಿನಲ್ಲೂ ಹಾವೇರಿಯಲ್ಲೂ ಒಂದೇ.

“ನಂದು ತಪ್ಪಾತು ಅಕ್ಕಾ...”

ವಿಪಾಗೆ ಕನ್ನಡ ಬಾರದು. ಅವಳೂ ಕೈ ಜೋಡಿಸಿದಳು. ಆಮೇಲೆ ಹೆಲ್ಮೆಟ್ಟನ್ನು ಸಿಂಚನಾಳ ತಲೆಗೆ ಹಾಕಿ, ಗಲ್ಲದ ಕೆಳಗೆ ಬೆಲ್ಟು ಬಿಗಿದಳು.

ಪ್ರಾಣದ ಗಿಣಿ ಆ ಹತ್ತೂ ದಿನ ಒಂದು ಡ್ರಾಯರಿನಲ್ಲಿ ಕ್ಷೇಮವಾಗಿತ್ತು...

*

ನಮ್ಮ ದಾರಿಗೆ ಅಡ್ಡ ನಿಂತಂತೆ ಕಾಣುವವರು, ಎಷ್ಟೋ ಸಲ ನಮ್ಮ ಮುಂದಿನ ಹಳ್ಳಕ್ಕೆ ಅಡ್ಡ ನಿಂತಿರುತ್ತಾರೆ.

ನಿಮಗೂ ಯಾರಾದರೂ ನಗುತ್ತಾ “ನಾಳೆ” ಅಂದಿದ್ದರಾ...? ಆವತ್ತು ನೀವು ಅವರಿಗೆ ಏನಂದಿರಿ?