ಗೊಂಬೆಯ ಅಳತೆ

ಹಳೇ ಮಷಿನ್ ಕೊಳ್ಳುವ ವ್ಯಾಪಾರಿ ಹೊಲಿಗೆ ಮಷಿನ್ನಿಗೆ ಹಗ್ಗ ಬಿಗಿಯುತ್ತಿದ್ದಾಗಲೇ ಟೈಲರಮ್ಮನ ಫೋನು ಸದ್ದು ಮಾಡಿತು. ಮಕ್ಕಳ ಅಂಗಿ ಹೊಲಿಯುವುದನ್ನು ಕಲಿಸುವ ಇ-ಪುಸ್ತಕವೊಂದನ್ನು ತಾನೇ ಮಾಡಿ ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟಿದ್ದ ಅವಳು, ಇನ್ನು ಪೆಡಲ್ ತುಳಿಯುವ ಕಾಲ ಮುಗಿಯಿತೆಂದು ಬೀದಿಗೆಲ್ಲ ಹೇಳಿಕೊಂಡಿದ್ದಳು. ಆ ಪುಸ್ತಕ ಕೊಂಡ ಯಾರೋ ಒಬ್ಬಳು ಬರೆದಿದ್ದಳು:

“ಅಕ್ಕಾ, ನೀವು ಹೇಳಿದ ಹಾಗೇ ಪುಟದ ಮೇಲೆ ಬಟ್ಟೆ ಇಟ್ಟು ಗುರುತು ಹಾಕ್ಕೊಂಡು ಕತ್ತರಿಸಿದೆ. ಹೊಲಿದು ನೋಡಿದ್ರೆ ಅಂಗಿ ಗೊಂಬೆಗೆ ಆಗೋಷ್ಟೇ ಇದೆ. ಮಗಳು ಕಾಯ್ತಿದ್ದಾಳೆ. ನಾನೆಲ್ಲಿ ತಪ್ಪಿದೆ?”

ಜೊತೆಗಿದ್ದ ಚಿತ್ರದಲ್ಲಿ ಅಂಗೈಯಗಲದ ಅಂಗಿ. ಒಂದು ಹೊಲಿಗೆಯೂ ಸೊಟ್ಟಗಿರಲಿಲ್ಲ. ದೊಡ್ಡ ಹಾಳೆಯಲ್ಲಿ ಸರಿಯಾದ ಅಳತೆಗೇ ಬರೆದ ಅಂಗಿಯ ನಕ್ಷೆ ಫೋನಿನೊಳಗೆ ಹೋದರೆ ಫೋನಿನಷ್ಟೇ ಆಗುತ್ತದೆಂದು ಟೈಲರಮ್ಮನಿಗೆ ಹೊಳೆದೇ ಇರಲಿಲ್ಲ. ಆ ಪುಟ್ಟ ಕಾಲರಿನ ಮೇಲೆ ಅವಳ ಹೆಬ್ಬೆರಳು ಬಹಳ ಹೊತ್ತು ನಿಂತಿತು. ಆಮೇಲೆ, “ತಪ್ಪು ನಿಮ್ಮದಲ್ಲ, ಮಗಳ ಅಳತೆ ಕಳಿಸಿ” ಎಂದು ಬರೆದಳು.

“ಹಗ್ಗ ಬಿಚ್ಚಿಬಿಡಿ ಅಣ್ಣ.”

“ಯಾಕಮ್ಮ, ಪುಸ್ತಕ ಜೋರಾಗಿ ಹೋಗ್ತಿದೆ ಅಂದಿದ್ರಿ?”

“ಒಂದು ಹೋಗಿದೆ.” ಅವಳು ಮಷಿನ್ ಮುಂದೆ ಕೂತು ಸೂಜಿಗೆ ದಾರ ಪೋಣಿಸಿದಳು. “ಆ ಮನೇಲಿ ಮಗು ಅಂಗಿಗೆ ಕಾಯ್ತಿದೆ.”