ಬಾರದ ಬಾಗಿನ

“ಚಲುವಯ್ಯನವರೇ, ನೀವು ಸ್ವಲ್ಪ ಹೊರಗೆ ಕೂತಿರಿ. ಮೊದಲು ನಿಮ್ಮ ತಂಗಿ ಹತ್ತಿರ ಮಾತಾಡ್ತೀನಿ,” ಎಂದರು ವಕೀಲೆ ಪದ್ಮಶ್ರೀ. ಹಾರನಹಳ್ಳಿಯ ಚಲುವಯ್ಯನ ಮೇಲೆ, ಕೆ.ಆರ್. ನಗರಕ್ಕೆ ಮದುವೆಯಾಗಿ ಹೋಗಿದ್ದ ತಂಗಿ ವಿಮಲಮ್ಮ ಹೊಗೆಸೊಪ್ಪಿನ ಹೊಲದಲ್ಲಿ ಪಾಲು ಕೇಳಿ ದಾವೆ ಹೂಡಿದ್ದರು. ಪಿರಿಯಾಪಟ್ಟಣದ ಕೋರ್ಟು ಅದನ್ನು ಮಧ್ಯಸ್ಥಿಕೆಗೆಂದು ಪದ್ಮಶ್ರೀಯವರ ಬಳಿ ಕಳಿಸಿತ್ತು. ಒಬ್ಬರೇ ಇದ್ದಾಗ ಹೇಳಿದ್ದನ್ನು ಹೇಳಿದವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಹೇಳುವುದಿಲ್ಲವೆಂದು ಅವರು ಇಬ್ಬರಿಗೂ ಮಾತು ಕೊಟ್ಟಿದ್ದರು.

ಬಾಗಿಲು ಮುಚ್ಚಿದ ಮೇಲೆ ವಿಮಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಮಾತು ತೆಗೆದರು.

“ಹೊಲ ತಗೊಂಡು ನಾನೇನು ಉಳೋಕೆ ಬತ್ತೀನಾ ಮೇಡಮ್ಮ? ಮೂರು ವರ್ಸಾಯ್ತು, ಗೌರಿ ಹಬ್ಬಕ್ಕೆ ತವರಿಂದ ಬಾಗಿನ ಬಂದಿಲ್ಲ. ‘ನಿಮ್ಮಣ್ಣ ಬರ್ನಿಲ್ವಾ ವಿಮಲಕ್ಕ’ ಅಂತ ಬೀದಿಯೋರೆಲ್ಲ ಕೇಳೋರು. ಇವತ್ತು ಬತ್ತಾನೆ, ನಾಳೆ ಬತ್ತಾನೆ ಅಂದೆ. ಆಮೇಲೆ ಕೇಸ್ ಹಾಕ್ದೆ.”

“ಇದನ್ನ ನಿಮ್ಮ ಅಣ್ಣನಿಗೆ ಹೇಳ್ಲಾ?”

“ಬ್ಯಾಡಿ! ನೀವು ಹೇಳ್ಕೊಟ್ಟು ತಂದ್ರೆ ಅದು ಬಾಗಿನಾನಾ?”

ಆಮೇಲೆ ವಿಮಲಮ್ಮ ಹೊರಗೆ ಹೋದರು, ಚಲುವಯ್ಯ ಒಳಗೆ ಬಂದರು. ತಂಗಿ ಕೂತಿದ್ದ ಕುರ್ಚಿ ಬಿಟ್ಟು ಪಕ್ಕದ್ದರಲ್ಲಿ ಕೂತರು. ಹೊಲದ ಮಾತೆತ್ತಿದರೆ ಕಿಟಕಿಯ ಕಡೆ ನೋಡಿದರು.

“ಅವ್ವನ ತಿಥಿ ದಿನ ಕ್ವಾಪದಲ್ಲಿ, ಈ ಹೊಸ್ತಿಲು ತುಳೀಬ್ಯಾಡ ಅಂದ್ಬುಟ್ಟೆ ಕಣ್ರವ್ವ. ಆಮ್ಯಾಕೆ ವರ್ಸ ವರ್ಸಾನೂ ಮೊರ, ಸೀರೆ, ಬಳೆ ಕಟ್ಕೊಂಡು ಕೆ.ಆರ್. ನಗರದ ಬಸ್ ಸ್ಟ್ಯಾಂಡ್ ತಂಕ ಹೋದೆ. ಅವಳು ಬಾಗ್ಲಲ್ಲೇ ನಿಲ್ಸಿ ಹೋಗು ಅಂದ್ಬುಟ್ರೆ? ವಾಪಸ್ ಬಸ್ ಹತ್ತಿದೆ. ಮೂರು ಸೀರೆನೂ ಟ್ರಂಕ್ನಲ್ಲೇ ಅವೆ.”

ಪದ್ಮಶ್ರೀ ಪೆನ್ನು ಕೆಳಗಿಟ್ಟರು. “ದಯವಿಟ್ಟು ಇದನ್ನ ನಿಮ್ಮ ತಂಗಿಗೆ ಹೇಳೋಕೆ ಒಪ್ಪಿಗೆ ಕೊಡಿ.”

“ಹೊಲ ಉಳಿಸ್ಕಳಾಕೆ ಸೀರೆ ಕಥೆ ಕಟ್ಟವ್ನೆ ಅಂತಾಳೆ. ಬ್ಯಾಡಿ. ಅವಳು ಕೇಳಿದ್ದು ಬರ್ಕೊಟ್ಬುಡ್ತೀನಿ.”

ಇಬ್ಬರನ್ನೂ ಎದುರುಬದುರು ಕೂರಿಸಿ ಪದ್ಮಶ್ರೀ ಕೊನೆಯ ಸಲ ಕೇಳಿದರು: “ಸಹಿ ಮಾಡೋಕೆ ಮುಂಚೆ ಒಬ್ಬರಿಗೊಬ್ಬರು ಏನಾದ್ರೂ ಹೇಳೋದಿದೆಯಾ?” ಪಕ್ಕದ ಕೋಣೆಯಲ್ಲಿ ಯಾರೋ ಟೈಪ್ ಮಾಡುತ್ತಿದ್ದ ಸದ್ದು ನಿಂತಿತು. ಮತ್ತೆ ಶುರುವಾಯಿತು.

“ಗಡಿ ಕಲ್ಲು ಯಾವತ್ತು ನೆಡ್ತಾರೆ?” ಎಂದರು ವಿಮಲಮ್ಮ, ಮೇಜನ್ನೇ ನೋಡುತ್ತ.

ಒಂದು ಎಕರೆ ಅವರ ಹೆಸರಿಗಾಯಿತು. ರಾಜಿ ಪತ್ರಕ್ಕೆ ಸಹಿ ಹಾಕಿ, ಚೀಲ ಎತ್ತಿಕೊಂಡು ತಿರುಗಿ ನೋಡದೆ ಹೊರಟರು. ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಅಡಗುವವರೆಗೂ ಚಲುವಯ್ಯ ಏಳಲಿಲ್ಲ.

“ಅವ್ವಾ, ಒಬ್ಳೇ ಇದ್ದಾಗ ನನ್ನ ಇಸ್ಯ ಏನಾರ ಅಂದ್ಲಾ?”

ಪದ್ಮಶ್ರೀಯವರ ತುಟಿ ಅಲುಗಿತು. “ನಾನು ಹೇಳೋ ಹಾಗಿಲ್ಲ ಚಲುವಯ್ಯನವರೇ.”

ಚಲುವಯ್ಯ ನಿಧಾನಕ್ಕೆ ತಲೆಯಾಡಿಸಿದರು. ಟವೆಲ್ಲು ಕೊಡವಿ ಹೆಗಲ ಮೇಲೆ ಹಾಕಿಕೊಂಡರು.

“ಗೊತ್ತಾಯ್ತು ಬುಡಿ. ಒಳ್ಳೆ ಮಾತಾಗಿದ್ರೆ ಹೇಳೇ ಹೇಳ್ತಿದ್ರಿ.”