ತೂಕ ಬಿಟ್ಟ ರಸ್ತೆ

ಹೂ ಮಾರುವ ಶಾಂತವ್ವನ ಕಾಲು ಲಾರಿಯಡಿ ಸಿಕ್ಕಿಕೊಂಡಿತ್ತು. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರೂ ಕಡೆಯವರು ಒಟ್ಟಿಗೆ ರಸ್ತೆಗೆ ಅಂಗೈ ಊರಿದರೆ ಮಾತ್ರ ಅದು ತನ್ನ ಮೇಲಿನ ವಾಹನಗಳ ತೂಕ ಬಿಟ್ಟು ತೇಲಿಸುತ್ತದೆ. ಪೊಲೀಸ್ ಈರಪ್ಪ, ಆಂಬುಲೆನ್ಸಿನ ದಿಲ್‌ಶಾದ್ ಕೈ ಊರಿ ಕಾದಿದ್ದರು.

ಅಗ್ನಿಶಾಮಕದ ಗಂಗಾಧರ ತನ್ನ ಗಾಡಿಯನ್ನು ತೇಲಿಹೋಗದಂತೆ ಕಂಬಕ್ಕೆ ಕಟ್ಟಿ, ಕೈ ಊರದೆ ನಿಂತಿದ್ದ. "ಹೋದ ಸಲ ಪೇಪರ್ ಫೋಟೋದಾಗ ನಾವ ಇರ್ಲಿಲ್ಲ."

"ಫೋಟೋ ಸುಟ್ಟು ಹಾಕು ಲೇ! ಅಕಿ ಕಾಲ್ ನೋಡು!" ಈರಪ್ಪ ಗುಡುಗಿದ.

ಗಂಗಾಧರ ಕೈಯೂರಿದ. ಲಾರಿ, ಆಟೋಗಳು, ಶಾಂತವ್ವನ ತಳ್ಳುಗಾಡಿ ಮೆಲ್ಲಗೆ ತೇಲಿದವು. ಜನ ಅವಳನ್ನು ಎಳೆದುಕೊಂಡರು. ಮೂವರೂ ಕೈ ತೆಗೆದಾಗ ಎಲ್ಲವೂ ಮೆಲ್ಲಗೆ ಇಳಿದವು. ಜಗಳದಲ್ಲಿ ಕಟ್ಟಲು ಮರೆತಿದ್ದ ಆಂಬುಲೆನ್ಸ್ ಮಾತ್ರ ಗಾಳಿಗೆ ಸರಿದು ಯಾರದೋ ಮಾಳಿಗೆಯ ಮೇಲೆ ಇಳಿಯಿತು.

"ಅಯ್ಯೋ, ನನ್ನ ಗಾಡಿ!" ದಿಲ್‌ಶಾದ್ ಚೀರಿದಳು.

"ಅಕಿನ್ನ ನಮ್ಮ ಗಾಡ್ಯಾಗ ಹತ್ತಸ್ರಿ," ಎಂದ ಗಂಗಾಧರ.

"ಫೋಟೋ?" ಈರಪ್ಪ ಕೇಳಿದ.

"ಸುಟ್ಟು ಹಾಕು."

ಶಾಂತವ್ವನ ತಳ್ಳುಗಾಡಿಯಿಂದ ಮೇಲೆ ತೇಲಿದ್ದ ಸೇವಂತಿಗೆ ಇನ್ನೂ ಉದುರುತ್ತಿತ್ತು.